ಸಹಾಯ ಬೇಕು: ಕನ್ಸಲ್ಟೆಂಟ್ ವರದಿಗೆ ಆಕ್ಷೇಪಣೆ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಪಾಲಿಕೆ ಪಾರ್ಕಿಂಗ್ ನೀತಿ ಮಾಡಲು ಒಂದು ಸಲಹಾ ಸಂಸ್ಥೆಯನ್ನು ಹಿಡಿದಿದೆ. ಅವರ ಕರಡು ವರದಿ ಬಂದಿದೆ. ಪೂರ್ತಿ ಇಂಗ್ಲಿಷಿನಲ್ಲಿದೆ. ಆಕ್ಷೇಪಣೆ ಕೊಡಲು ಉಳಿದಿರುವುದು ಎರಡೇ ವಾರ.

ನನಗೆ ಜಾಸ್ತಿ ಬೇಜಾರಾಗಿರುವುದು ಒಂದು ವಿಷಯಕ್ಕೆ. ಮಾರ್ಕೆಟ್ ರಸ್ತೆಯ ತಳ್ಳುಗಾಡಿಯವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು. ಅವರನ್ನು ಕೇಳದೆ ನೀತಿ ಮಾಡುವುದು ಸರಿಯಲ್ಲ ಅಲ್ವಾ?

ಬೆಂಗಳೂರಿನ 2031ರ ಮಾಸ್ಟರ್ ಪ್ಲಾನ್ ಕರಡನ್ನೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) ಹೊರಗಿನ ಸಂಸ್ಥೆಯೇ ತಯಾರಿಸಿಕೊಟ್ಟಿತ್ತು. 2017ರಲ್ಲಿ ಅದು ಹೊರಬಂದಾಗ ಜನ ಸಾವಿರಾರು ಆಕ್ಷೇಪಣೆ ಕೊಟ್ಟರು. ಕೊನೆಗೆ ಸರ್ಕಾರ ಅದನ್ನು ವಾಪಸ್ ಪಡೆಯಿತು. ಹಾಗಾಗಿ ಬರೆದು ಕೊಟ್ಟರೆ ಉಪಯೋಗವಿದೆ ಎಂದು ನಂಬಿದ್ದೇನೆ.

ಸಂಸ್ಥೆಗೆ ಪಾಲಿಕೆ ವಹಿಸಿದ ಕೆಲಸವೇನು, ಯಾರ ಜೊತೆ ಮಾತಾಡಲು ಹೇಳಿತ್ತು ಎನ್ನುವುದು ಟರ್ಮ್ಸ್ ಆಫ್ ರೆಫರೆನ್ಸ್‌ನಲ್ಲಿ ಇರುತ್ತದೆ. ಅದರ ಪ್ರತಿ ನನಗೆ ಬೇಕು. ಆದರೆ ಆರ್‌ಟಿಐ ಅರ್ಜಿ ಹಾಕಿದರೆ ಉತ್ತರ ಕೊಡಲು ಅವರಿಗೆ 30 ದಿನ ಇದೆ. ನೀತಿ ರೂಪಿಸುವಾಗ ಮುಖ್ಯ ಸಂಗತಿಗಳನ್ನು ತಾವಾಗಿಯೇ ಪ್ರಕಟಿಸಬೇಕು ಎಂದು ಅದೇ ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆಯ ಸೆಕ್ಷನ್ 4(1)(ಸಿ) ಹೇಳುತ್ತದೆ. ಇದನ್ನು ಹಿಡಿದು ಬೇಗ ಪ್ರತಿ ಪಡೆದವರು ಯಾರಾದರೂ ಇದ್ದೀರಾ?

ಇಂಥ ಸಂಸ್ಥೆಗಳಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ: ಸರ್ವೆ ಅಂಕಿಅಂಶ ಸರಿಯಿದೆಯೇ ಎಂದು ನೋಡುವುದು ಹೇಗೆ? ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯುತ್ತೇನೆ. ಕರಡು ನೋಡಿ ತಿದ್ದಿಕೊಡುವವರು ಕಾಮೆಂಟ್ ಮಾಡಿ, ಇವತ್ತೇ ಕಳಿಸುತ್ತೇನೆ.