ಹೆಬ್ಬೆರಳಿನ ಬುಡದ ಉಬ್ಬಿಗೆ (ಬನಿಯನ್) ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ: ಚೇತರಿಕೆ ನಿಜಕ್ಕೂ ಬೇಗ ಆಗುತ್ತದೆಯೇ?

ಪ್ರಶ್ನೆ:
ನನ್ನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಮೂಳೆ ಉಬ್ಬಿಕೊಂಡಿದ್ದು, ಬೆರಳು ಪಕ್ಕದ ಬೆರಳಿನತ್ತ ವಾಲುತ್ತಿದೆ. ಅಗಲವಾದ ಪಾದರಕ್ಷೆ, ಸಿಲಿಕೋನ್ ಪ್ಯಾಡ್ ಎಲ್ಲವನ್ನೂ ಬಳಸಿದರೂ ನಡೆಯುವಾಗಿನ ನೋವು ತಗ್ಗಿಲ್ಲ. ಕೆಲವೇ ಮಿಲಿಮೀಟರ್ ಅಳತೆಯ ರಂಧ್ರಗಳ ಮೂಲಕ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಬೇಗ ಎದ್ದು ಓಡಾಡಬಹುದು ಎನ್ನುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ?

ಉತ್ತರ 1:
ಚರ್ಮದ ಗಾಯ ಚಿಕ್ಕದಾಗುತ್ತದೆಯೇ ಹೊರತು ಮೂಳೆಯ ಮೇಲೆ ನಡೆಯುವ ಕೆಲಸ ಚಿಕ್ಕದಾಗುವುದಿಲ್ಲ. ಬನಿಯನ್ ಎಂಬುದು ಹೊಸದಾಗಿ ಬೆಳೆದ ಗಂಟಲ್ಲ. ಹೆಬ್ಬೆರಳಿನ ಹಿಂದಿರುವ ಪಾದದ ಉದ್ದ ಮೂಳೆ ಒಂದು ಕಡೆಗೆ, ಹೆಬ್ಬೆರಳು ಇನ್ನೊಂದು ಕಡೆಗೆ ಸರಿದಾಗ ಆ ಮೂಳೆಯ ತುದಿಯೇ ಹೊರಚಾಚಿ ಕಾಣುತ್ತದೆ. ಆದ್ದರಿಂದ ಉಬ್ಬನ್ನಷ್ಟೇ ಉಜ್ಜಿ ತೆಗೆದರೆ ಬೆರಳು ನೇರವಾಗದು. ಈಗ ವ್ಯಾಪಕ ಬಳಕೆಯಲ್ಲಿರುವ ಮೈಕಾ (MICA) ಎಂಬ ಸಣ್ಣ ರಂಧ್ರದ ವಿಧಾನದಲ್ಲಿ, ಎಕ್ಸ್‌ರೇ ಪರದೆಯನ್ನು ನೋಡುತ್ತಲೇ, ಕಡಿಮೆ ವೇಗದಲ್ಲಿ ತಿರುಗುವ ಬರ್ ಎಂಬ ಉಪಕರಣದಿಂದ ಆ ಮೂಳೆಯನ್ನು ಕತ್ತರಿಸಿ, ತುದಿಯನ್ನು ಎರಡನೆಯ ಬೆರಳಿನ ಕಡೆಗೆ ಸರಿಸಿ, ಸಾಮಾನ್ಯವಾಗಿ ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ. ಬಳಿಕ ಹೆಬ್ಬೆರಳಿನ ಮೂಳೆಯನ್ನೂ ತುಸು ಕತ್ತರಿಸಿ ನೇರಗೊಳಿಸುತ್ತಾರೆ. ಬರ್‌ನ ಬಿಸಿಗೆ ಮೂಳೆ, ಚರ್ಮ ಸುಡದಂತೆ ಸಲೈನ್ ಹರಿಸುತ್ತಲೇ ಇರಬೇಕು. ಸುತ್ತಲಿನ ಮೃದು ಅಂಗಾಂಶವನ್ನು ಹೆಚ್ಚು ಬಿಡಿಸಬೇಕಾಗಿಲ್ಲದ ಕಾರಣ ಆರಂಭದ ವಾರಗಳ ನೋವು ಕಡಿಮೆಯಿರುತ್ತದೆ ಎಂಬುದು ನಿಜ. ಆದರೆ ಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಬೇಕೇ ಬೇಕು.

ಉತ್ತರ 2:
ನಾನು ಇದನ್ನೇ ಮಾಡಿಸಿಕೊಂಡಿದ್ದೇನೆ. ಚಪ್ಪಟೆಯಾದ ಗಟ್ಟಿ ಅಟ್ಟೆಯ ಶೂ ಧರಿಸಿ ಬೇಗನೆ ಹೆಜ್ಜೆಯಿಡಲು ಬಿಟ್ಟರು. ಆದರೆ ಗಾಯ ಮಾಯ್ದು ಎಷ್ಟೋ ಕಾಲದ ಮೇಲೂ, ಸಂಜೆಯಾದರೆ ಪಾದ ಊದಿ ಶೂ ಪಟ್ಟಿಯ ಗುರುತು ಚರ್ಮದ ಮೇಲೆ ಅಚ್ಚೊತ್ತುತ್ತಿತ್ತು. ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಮಲಗಿದರೆ ಮಾತ್ರ ಇಳಿಯುತ್ತಿತ್ತು. ಊತ ಆರು ತಿಂಗಳವರೆಗೂ ಉಳಿಯಬಹುದೆಂದು ಮೊದಲೇ ತಿಳಿದಿದ್ದರಿಂದ ಗಾಬರಿಯಾಗಲಿಲ್ಲ.

ಉತ್ತರ 3:
ನಿರ್ಧಾರಕ್ಕೆ ಮೊದಲು, ನಿಂತ ಭಂಗಿಯಲ್ಲಿ ತೆಗೆದ ಎಕ್ಸ್‌ರೇ ಇದೆಯೇ ನೋಡಿ. ಭಾರ ಬಿದ್ದಾಗಲೇ ವಾಲಿಕೆಯ ನಿಜವಾದ ಕೋನ ತಿಳಿಯುತ್ತದೆ. ಹೆಬ್ಬೆರಳಿನ ಬುಡದ ಕೀಲು ಸಂಧಿವಾತದಿಂದ ತೀರಾ ಸವೆದಿದ್ದರೆ ಅದನ್ನು ಬೆಸೆಯುವ ಶಸ್ತ್ರಚಿಕಿತ್ಸೆಯೇ ಸೂಕ್ತವಾಗಬಹುದು. ವಾಲಿಕೆ ಮರುಕಳಿಸುವುದು, ಬೆರಳಿನ ಬದಿ ಮರಗಟ್ಟುವುದು, ಸ್ಕ್ರೂ ಒತ್ತಿ ತೆಗೆಸಬೇಕಾಗುವುದು, ಇವು ಈ ವಿಧಾನದಲ್ಲೂ ಇವೆ. ಕೈ ಪಳಗಲು ಸಮಯ ಹಿಡಿಯುವ ಕೆಲಸವಿದು. ಎಷ್ಟು ಮಂದಿಗೆ ಮಾಡಿದ್ದೀರಿ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬಲಗಾಲಾದ್ದರಿಂದ ಕಾರು ಓಡಿಸುವುದು ಯಾವಾಗ ಸಾಧ್ಯ?

ಉತ್ತರ 1:
ಶಸ್ತ್ರಚಿಕಿತ್ಸೆಯ ಬಳಿಕ ಕೊಡುವ ಆ ಗಟ್ಟಿ ಅಟ್ಟೆಯ ಶೂ ಕಾಲಿನಲ್ಲಿರುವವರೆಗೆ ಬೇಡ. ಸಾಮಾನ್ಯವಾಗಿ 6ರಿಂದ 8 ವಾರಗಳ ನಂತರ, ತುರ್ತಾಗಿ ಬ್ರೇಕ್ ಒತ್ತಿದರೂ ನೋವಾಗದ ಸ್ಥಿತಿ ಬಂದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಆರಂಭಿಸಿ.