ಕ್ಲಿನಿಕ್ ಫಾರಂನಲ್ಲಿ ‘ರೇಸ್: ಮೆಕ್ಸಿಕನ್’ ಅಂತ ಹಾಕಿ ಬೈಸಿಕೊಂಡೆ, ನೀವೆಲ್ಲ ಏನು ಮಾಡ್ತೀರಿ?

ಕೇಳಿದವರು: ತಿಪಟೂರಿನವಳು, ಈಗ ಹೂಸ್ಟನ್

ನಮಸ್ಕಾರ. ಇಲ್ಲಿಗೆ ಬಂದು ಎರಡು ವರ್ಷ. ಈಗಷ್ಟೇ ವರ್ಕ್ ಪರ್ಮಿಟ್ ಸಿಕ್ಕಿ ಒಂದು ಹಲ್ಲಿನ ಕ್ಲಿನಿಕ್‌ನ ಫ್ರಂಟ್ ಡೆಸ್ಕಿಗೆ ಸೇರಿದ್ದೀನಿ. ಪೇಶೆಂಟ್ ತುಂಬಿದ ಫಾರಂ ನೋಡಿ ಕಂಪ್ಯೂಟರಿಗೆ ಹಾಕೋದು ನನ್ನ ಕೆಲಸ. ಅದರಲ್ಲಿ ‘ರೇಸ್’ ಒಂದು ಕಾಲಂ, ‘ಎಥ್ನಿಸಿಟಿ’ ಇನ್ನೊಂದು. ಮೊನ್ನೆ ಒಬ್ಬ ಅಜ್ಜಿ ಎರಡನ್ನೂ ಖಾಲಿ ಬಿಟ್ಟಿದ್ದರು. ಮಗಳ ಜೊತೆ ಸ್ಪ್ಯಾನಿಷ್ ಮಾತಾಡ್ತಿದ್ದರು. ಕೆಲಸ ಮುಗೀಲಿ ಅಂತ ನಾನೇ ‘ರೇಸ್: ಮೆಕ್ಸಿಕನ್’ ಅಂತ ಟೈಪ್ ಮಾಡಿಬಿಟ್ಟೆ. ಪ್ರಿಂಟ್ ನೋಡಿದ ಮಗಳು, “ನಮ್ಮ ಮುತ್ತಾತನೂ ಟೆಕ್ಸಾಸ್‌ನಲ್ಲೇ ಹುಟ್ಟಿದ್ದು. ಮೆಕ್ಸಿಕನ್ ಅನ್ನೋದು ರೇಸ್ ಅಲ್ಲ” ಅಂತ ಎಲ್ಲರೆದುರೇ ಹೇಳಿದರು. ಹಾಗಾದರೆ ‘ಸ್ಪ್ಯಾನಿಷ್’ ಅಂತ ಹಾಕಲಾ ಅಂತ ಕೇಳಿ ಇನ್ನೊಂದು ಸಲ ಬೈಸಿಕೊಂಡೆ. ಅದು ಸ್ಪೇನ್ ದೇಶದವರಿಗಂತೆ. ಅವಮಾನ ಆಯ್ತು ಅನ್ನೋದಕ್ಕಿಂತ ನನಗೆ ನಿಜವಾಗಿ ಅರ್ಥವೇ ಆಗಿಲ್ಲ. ಹಿಸ್ಪಾನಿಕ್ ಅಂದರೆ ಏನು? ನೀವು ಇದನ್ನ ಹೇಗೆ ನಿಭಾಯಿಸ್ತೀರಿ?

ಮೈಸೂರು – ನ್ಯೂಜೆರ್ಸಿ, ಆಸ್ಪತ್ರೆ ಬಿಲ್ಲಿಂಗ್‌ನಲ್ಲಿ 18 ವರ್ಷ

ತಲೆ ಕೆಡಿಸ್ಕೋಬೇಡಿ, ಹೊಸದರಲ್ಲಿ ನಾನೂ ಮಾಡಿದ ತಪ್ಪೇ ಇದು. ಖಾಲಿ ಬಿಟ್ಟಿದ್ದನ್ನ ಮಾತ್ರ ಯಾವತ್ತೂ ನೀವು ತುಂಬಬೇಡಿ. ಫಾರಂ ಅವರ ಕಡೆ ತಿರುಗಿಸಿ, “ಇವೆರಡು ಉಳಿದಿವೆ, ಇಷ್ಟ ಇದ್ದರೆ ಬರೀರಿ” ಅಂದರೆ ಸಾಕು. ‘ಹೇಳಲು ಇಷ್ಟವಿಲ್ಲ’ ಅನ್ನೋ ಆಯ್ಕೆ ಸಾಮಾನ್ಯವಾಗಿ ಇದ್ದೇ ಇರತ್ತೆ.

ಗೊಂದಲದಲ್ಲಿ ನಮ್ಮ ಕನ್ನಡದ ಪಾಲೂ ಇದೆ. ‘ಜನಾಂಗ’ ಅನ್ನೋ ಒಂದೇ ಪದದಲ್ಲಿ ಏನೇನು ತುಂಬಿದ್ದೀವಿ ನೋಡಿ. ಬಿಳಿಯರದೂ ಜನಾಂಗ, ಒಕ್ಕಲಿಗ ಜನಾಂಗ, ಕುರುಬ ಜನಾಂಗ, ಪೇಪರಲ್ಲಿ ‘ಜನಾಂಗದ ಮುಖಂಡರು’. ಅದೇ ತಲೆ ಇಟ್ಕೊಂಡು ಇಲ್ಲಿನ ಫಾರಂ ತುಂಬಕ್ಕೆ ಹೋದರೆ ಕೆಟ್ಟಿತು.

1977ರಲ್ಲಿ ಅಮೆರಿಕ ಸರ್ಕಾರ ಅಂಕಿಅಂಶ ಸಂಗ್ರಹಕ್ಕೆ ಅಂತ ಒಂದು ನಿಯಮ ಮಾಡಿತು. ಅದರ ಪ್ರಕಾರ ಹಿಸ್ಪಾನಿಕ್ ಅನ್ನೋದು ಎಥ್ನಿಸಿಟಿ. ಸ್ಪ್ಯಾನಿಷ್ ಸಂಸ್ಕೃತಿಯ ಮೂಲದವರು ಅಂತ ಅರ್ಥ, ಮೈಬಣ್ಣ ಯಾವುದಾದರೂ ಇರಲಿ. ರೇಸ್ ಅಂದರೆ ಬಿಳಿ, ಕಪ್ಪು, ಏಷ್ಯನ್, ಮೂಲನಿವಾಸಿ ಹೀಗೆ, ಅದು ಬೇರೆ ಪ್ರಶ್ನೆ. ಯಾವ ದೇಶದ ಪ್ರಜೆ ಅನ್ನೋದು ಮೂರನೇದು, ಅದನ್ನ ನಿಮ್ಮ ಫಾರಂ ಕೇಳೇ ಇಲ್ಲ! ನನ್ನ ಪಕ್ಕದ ಸೀಟಿನಾಕೆ ಡೊಮಿನಿಕನ್ ಮೂಲದವಳು, ಅಂದರೆ ಸ್ಪ್ಯಾನಿಷ್ ಮಾತಾಡೋ ಕೆರಿಬಿಯನ್ ದೇಶ ಡೊಮಿನಿಕನ್ ರಿಪಬ್ಲಿಕ್ ಕಡೆಯವಳು. ರೇಸ್ ಕಪ್ಪು, ಎಥ್ನಿಸಿಟಿ ಹಿಸ್ಪಾನಿಕ್, ಪಾಸ್‌ಪೋರ್ಟ್ ಅಮೆರಿಕದ್ದು. ಅಮೆರಿಕದ ಅಧೀನದಲ್ಲಿರೋ ದ್ವೀಪ ಪೋರ್ಟೊರಿಕೊದವರು ಬಂದರೆ ‘ಯಾವ ದೇಶ’ ಅಂತ ಮಾತ್ರ ಬಾಯಿ ತೆಗೀಬೇಡಿ. ಅವರು 1917ರಿಂದಲೂ ಅಮೆರಿಕದ ಪ್ರಜೆಗಳು.

ಆ ಮಗಳ ಸಿಟ್ಟಿಗೆ ಹಳೇ ಕಥೆಯೊಂದಿದೆ. 1930ರ ಜನಗಣತಿಯಲ್ಲಿ ‘ಮೆಕ್ಸಿಕನ್’ ಅನ್ನೋದನ್ನ ರೇಸ್ ಅಂತಲೇ ಬರೆಸಿದ್ದರು. ಅದೇ ದಶಕದಲ್ಲಿ ಲಕ್ಷಗಟ್ಟಲೆ ಜನರನ್ನ, ಇಲ್ಲೇ ಹುಟ್ಟಿದವರನ್ನೂ ಸೇರಿಸಿ, ಮೆಕ್ಸಿಕೋಗೆ ಸಾಗಹಾಕಿದರು. ವಿರೋಧ ಜೋರಾಗಿ 1940ರ ಗಣತಿಯಲ್ಲಿ ಆ ಪದ ಕೈಬಿಟ್ಟರು. ನಿಮಗೆ ಗೊತ್ತಿಲ್ಲದೆ ನೀವು ಟೈಪ್ ಮಾಡಿದ್ದು ಅದನ್ನೇ.

ಮಂಗಳೂರು – ಸ್ಯಾನ್ ಹೊಸೆ

ನನ್ನದು ಉಲ್ಟಾ ಕಥೆ ಮಾರಾಯ್ರೆ. ನಾವು ಕೊಂಕಣಿ ಕ್ಯಾಥೊಲಿಕರು, ಸರ್‌ನೇಮ್ ಫೆರ್ನಾಂಡಿಸ್. ಹೆಸರು ನೋಡಿದ ಕೂಡಲೇ ನನ್ನನ್ನು ಹಿಸ್ಪಾನಿಕ್ ಬಾಕ್ಸಿಗೆ ಹಾಕಿ ಆಗಿರ್ತದೆ. ಒಮ್ಮೆ ಆಸ್ಪತ್ರೆಯಲ್ಲಿ ನಾನು ಕೇಳದೆಯೇ ಸ್ಪ್ಯಾನಿಷ್ ದುಭಾಷಿಯನ್ನು ಕರೆಸಿದ್ರು. ಆ ಹೆಂಗಸು ಪಾಪ ಹತ್ತು ನಿಮಿಷ ಸ್ಪ್ಯಾನಿಷಲ್ಲಿ ಸಮಾಧಾನ ಹೇಳಿದ್ಲು, ನಾನು ತಲೆ ಆಡಿಸಿದೆ. ನಮ್ಮ ಹೆಸರು ಪೋರ್ಚುಗೀಸರಿಂದ ಬಂದದ್ದು, ಗೋವಾದ ದಾರಿಯಲ್ಲಿ. ನಮ್ಮದಕ್ಕೆ ಕೊನೆಗೆ ‘ಎಸ್’, ಸ್ಪ್ಯಾನಿಷ್‌ನವರದ್ದಕ್ಕೆ ‘ಝೆಡ್’. ಆ ಒಂದು ಅಕ್ಷರ ಯಾರು ನೋಡ್ತಾರೆ?

ಹಾಗಾಗಿ ಹೆಸರು ನೋಡಿ ತೀರ್ಮಾನ ಮಾಡ್ಲೇಬೇಡಿ. ಬ್ರೆಜಿಲ್‌ನವರಿಗೂ ಇಂಥದೇ ಹೆಸರು ಉಂಟು, ಅವರ ಭಾಷೆಯೂ ಪೋರ್ಚುಗೀಸ್. ಅವರು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರು) ಅಂದ್ರೆ ಒಪ್ತಾರೆ, ಹಿಸ್ಪಾನಿಕ್ ಅಂದ್ರೆ ಮುಖ ಸಿಂಡರಿಸ್ತಾರೆ. ಮತ್ತೆ ನಿಮ್ಮ ಅಜ್ಜಿಯ ಕಡೆಯವರು ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಅಂತ ಹೇಳುವುದುಂಟು. ಟೆಕ್ಸಾಸ್ 1836ರವರೆಗೆ ಮೆಕ್ಸಿಕೋದ್ದೇ ಅಲ್ವಾ? ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ಧಾರವಾಡ, ಮೂರು ವರ್ಷ ಪೆರು ದೇಶದ ಲಿಮಾದಾಗ ಇದ್ದಂವ

ಅಮೆರಿಕದ ಈ ಲೆಕ್ಕ ಹಿಸ್ಪಾನಿಕ್ ಅನಿಸ್ಕೊಂಡವ್ರ ಸ್ವಂತ ಊರಾಗ ನಡಿಯೂದಿಲ್ರಿ. ಪೆರುದಾಗ ಯಾರೂ ತಮ್ಮನ್ನ ಹಿಸ್ಪಾನಿಕ್ ಅಂತ ಕರಕೊಳ್ಳೂದನ್ನ ನಾ ಕೇಳಿಲ್ಲ. ಪೆರುವಿಯನ್ ಅಂತಾರ. ಅಲ್ಲೆ ಮೂಲನಿವಾಸಿಗಳ ಭಾಷೆ ಕೆಚುವಾ ಮಾತಾಡೋ ಮಂದಿ ಅದಾರ, ಆಫ್ರಿಕಾ ಮೂಲದವ್ರು ಅದಾರ, ಓಣಿಗೊಂದು ‘ಚೀಫಾ’ ಅಂತ ಚೀನಿ ಊಟದ ಹೋಟೆಲ್ಲು. 1990ರಾಗ ಅಧ್ಯಕ್ಷ ಆದ ಫುಜಿಮೊರಿ ಅವರ ಅಪ್ಪ-ಅವ್ವ ಜಪಾನಿನಿಂದ ಬಂದವ್ರು, ಆದ್ರ ಮಂದಿ ಕರೀತಿದ್ದದ್ದು ‘ಎಲ್ ಚೀನೊ’, ಅಂದ್ರ ಚೀನಾದಂವ! ಅಂಥಾವ್ರು ನಿಮ್ಮ ಕ್ಲಿನಿಕ್ಕಿಗೆ ಬಂದ್ರ ಏಷ್ಯನ್ನಿಗೂ ಟಿಕ್, ಹಿಸ್ಪಾನಿಕ್ಕಿಗೂ ಟಿಕ್.

ನಮ್ಮನ್ನೂ ಅವ್ರು ಬಿಟ್ಟಿಲ್ಲ. ಭಾರತದವ್ರಿಗೆ ಅಲ್ಲೆ ‘ಇಂದು’, ಅಂದ್ರ ಹಿಂದೂ, ಅಂತಾರ. ನನ್ನ ಜೋಡಿ ಕಲಬುರಗಿಯ ಮುಸ್ಲಿಂ ಗೆಳೆಯ ಇದ್ದ, ಅಂವಾನೂ ಹಿಂದೂನ. ಅವ್ರನ್ನ ಅಂದು ಏನ್ ಮಾಡೂದು, ‘ಇಂದಿಯೊ’ ಅನ್ನೋ ಪದ ಅಲ್ಲಿನ ಮೂಲನಿವಾಸಿಗಳಿಗೆ ಹೋಗೇತಿ, ಅದೂ ಬೈಗಳಿನ ಹಂಗ ಕೇಳಸ್ತದ.

ಫೀನಿಕ್ಸ್‌ನಿಂದ

ಇಷ್ಟೆಲ್ಲ ರಾಮಾಯಣ ಯಾಕೆ? ಅವರೇ ತಮ್ಮನ್ನ ಮೆಕ್ಸಿಕನ್ ಅಂತ ಕರ್ಕೊಳ್ತಾರೆ, ನಾವು ಅಂದರೆ ತಪ್ಪಾ?

ಮೈಸೂರು – ನ್ಯೂಜೆರ್ಸಿ

ಅವರು ಕರ್ಕೊಳ್ಳಲಿ ಸಾರ್. ನಾನೂ ‘ಮೈಸೂರಿನವನು’ ಅಂತೀನಿ, ಹಾಗಂತ ಗುಮಾಸ್ತ ನನ್ನ ಫಾರಂನಲ್ಲಿ ‘ರೇಸ್: ಮೈಸೂರು’ ಅಂತ ಬರೆದರೆ? ನಮ್ಮದೇ ಪಾಡು ಕೇಳಿ. 1920ರಿಂದ 1940ರ ಗಣತಿವರೆಗೆ ಭಾರತದವರಿಗೆ ಹಾಕಿದ್ದ ರೇಸ್ ‘ಹಿಂದೂ’, ಸಿಖ್ಖರಿಗೂ ಅದೇ. 1970ರಲ್ಲಿ ನಾವು ಬಿಳಿಯರು. 1980ರಲ್ಲಿ ‘ಏಷ್ಯನ್ ಇಂಡಿಯನ್’. ಮೈ ಅದೇ, ಬಣ್ಣ ಅದೇ, ಬಾಕ್ಸ್ ಮಾತ್ರ ಬೇರೆ.

ಹಿಸ್ಪಾನಿಕ್ ಮೂಲದವರಿಗೂ ಈ ಎರಡು ಪ್ರಶ್ನೆ ಹೊಂದಲಿಲ್ಲ. ‘ಹಿಸ್ಪಾನಿಕ್ ಮೂಲಗಳು ರೇಸ್ ಅಲ್ಲ’ ಅಂತ 2020ರ ಗಣತಿ ಫಾರಂನಲ್ಲೇ ಅಚ್ಚು ಹಾಕಿದ್ದರು. ಆದರೂ 6.2 ಕೋಟಿ ಜನರಲ್ಲಿ ಸುಮಾರು 42% ರೇಸ್ ಕಾಲಂನಲ್ಲಿ ‘ಬೇರೆ ಯಾವುದೋ’ ಅನ್ನೋದನ್ನ ಮಾತ್ರ ಆರಿಸಿಕೊಂಡರು. 2024ರ ಮಾರ್ಚ್‌ನಲ್ಲಿ ಸರ್ಕಾರ ನಿಯಮ ಬದಲಿಸಿ ಎರಡೂ ಪ್ರಶ್ನೆ ಸೇರಿಸಿ ಒಂದೇ ಮಾಡಿ ಅಂದಿದೆ, ಎಷ್ಟು ಬೇಕಾದರೂ ಟಿಕ್ ಹಾಕಬಹುದು. ಹಳೇ ಫಾರಂಗಳು ಇನ್ನೂ ಓಡ್ತಿವೆ, ನಿಮ್ಮದೂ ಅದೇ ಇರಬೇಕು.

ತಿಪಟೂರಿನವಳು, ಹೂಸ್ಟನ್

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ ನಿನ್ನೆ ಮತ್ತೆ ಬಂದಿದ್ದರು. ಕ್ಷಮೆ ಕೇಳಿ, ಹಳೇದನ್ನ ಅಳಿಸಿದ್ದೀನಿ ಅಂತ ಹೇಳಿ, ಹೊಸ ಫಾರಂ ಅವರ ಕೈಗೇ ಕೊಟ್ಟೆ. ಹಿಸ್ಪಾನಿಕ್ ಅನ್ನೋದಕ್ಕೆ ತಕ್ಷಣ ಟಿಕ್ ಹಾಕಿದರು. ರೇಸ್ ಹತ್ತಿರ ಪೆನ್ನು ನಿಂತಿತು. ಮಗಳು ‘ಬಿಳಿ’ ಅಂದರು. ಅಜ್ಜಿ ತಮ್ಮ ಮುಂಗೈ ತಿರುಗಿಸಿ ನೋಡ್ಕೊಂಡು ನಕ್ಕು ‘ಇತರೆ’ ಅಂತ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ನೀನು ಯಾವುದಕ್ಕಮ್ಮ ಹಾಕ್ತೀಯ?” ಅಂದರು. ಏಷ್ಯನ್ ಅಂದೆ.

“ಆದರೆ ನೀನು ಚೀನಾದವರ ಥರ ಇಲ್ಲವಲ್ಲ!”