ಅಪ್‌ಡೇಟ್: ಪೋಲೆಂಡಿನ 1966ರ 100 ಝ್ವೋತಿ (ಅಲ್ಲಿನ ಹಣ) ನಾಣ್ಯ, 'ಪ್ರೂಬಾ' ಅಂದ್ರೆ 'ಟ್ರಯಲ್' ಅನ್ನೋ ಮುದ್ರೆ ಇರೋದು

ಚಿಕ್ಕಪ್ಪನ ಡಬ್ಬಿಲಿ ಸಿಕ್ಕಿದ ಈ ಟ್ರಯಲ್ ನಾಣ್ಯ (ಪ್ರಯೋಗಕ್ಕೆ ಅಂತ ಅಚ್ಚು ಹಾಕಿದ್ದು) ಬೆಳ್ಳಿದಾ ನಿಕಲ್‌ದಾ ಅಂತ ಕೇಳಿದ್ನಲ್ಲ, ನೀವು ಹೇಳಿದ ಹಾಗೆ ಮ್ಯಾಗ್ನೆಟ್ ಹಿಡಿದು ನೋಡ್ದೆ, ಒಂಚೂರೂ ಅಂಟಲಿಲ್ಲ, ನಿಕಲ್ ಆಗಿದ್ರೆ ಅಂಟ್ಬೇಕಿತ್ತು, ಅಂದ್ರೆ ನಿಕಲ್ ಅಲ್ಲ. ಅಕ್ಕಸಾಲಿಗರ ತಕ್ಕಡಿಲಿ ಸರಿಯಾಗಿ 20 ಗ್ರಾಂ, ಅಡ್ಡಳತೆ 35 ಮಿಮೀ, ಇದೇ ನಾಣ್ಯದ ಮಾಮೂಲಿ 900 ಬೆಳ್ಳಿ (ಸಾವಿರಕ್ಕೆ 900 ಪಾಲು ಬೆಳ್ಳಿ) ರೂಪದ್ದೂ ಅದೇ ಲೆಕ್ಕ. ಆದ್ರೂ ಮಾಮೂಲಿ ನಾಣ್ಯದ ಮೇಲೆ ಯಾರಾದ್ರೂ ಆಮೇಲೆ 'ಪ್ರೂಬಾ' ಮುದ್ರೆ ಹೊಡೆದಿದ್ದಾ ಅಂತ ನೋಡ್ಬೇಕು, ಸದ್ಯಕ್ಕೆ ಲೆನ್ಸಲ್ಲಿ ಅಕ್ಷರದ ಸುತ್ತ ಗೀರು ಕಾಣಿಸ್ತಿಲ್ಲ.

ನಂಗೆ ತುಂಬಾ ಹಿಡಿಸಿದ್ದು ಚಿತ್ರ. 1966ರಲ್ಲಿ ಅಲ್ಲಿನ ಚರ್ಚು ಪೋಲೆಂಡಿನ ಕ್ರೈಸ್ತ ದೀಕ್ಷೆಗೆ ಸಾವಿರ ವರ್ಷ ಅಂತಿದ್ರೆ ಕಮ್ಯುನಿಸ್ಟ್ ಸರ್ಕಾರ ರಾಜ್ಯಕ್ಕೆ ಸಾವಿರ ವರ್ಷ ಅಂತ ಆಚರಿಸ್ತು, ಆದ್ರೆ ನಾಣ್ಯದಲ್ಲಿರೋದು 966ರಲ್ಲಿ ದೀಕ್ಷೆ ತಗೊಂಡ ದೊರೆ ಮ್ಯೆಶ್ಕೊ, ಜೊತೆಗೆ ಅವನ ಕ್ರೈಸ್ತ ಹೆಂಡತಿ ದೊಂಬ್ರೂಫ್ಕಾನೇ! ಮಾರಲ್ಲ, ಇಟ್ಕೋತೀನಿ. ಎಲ್ರಿಗೂ ಥ್ಯಾಂಕ್ಸ್.